ಬಾವಿ ಮರದ ಬೇವು

ಮೇನಕಾಳಿಗೆ ಯಾರನ್ನು ಕಂಡರೂ ಆಗುವುದಿಲ್ಲ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ತಪ್ಪು. ಅವಳಿಗೆ ಒಬ್ಬರನ್ನು ಕಂಡರೆ ಆಗುತ್ತಿತ್ತು. ಆ ಒಬ್ಬರ ವಿಷಯ ಆಮೇಲೆ ಬರುತ್ತದೆ. ಮೊದಲು ಆಗದವರ ವಿಷಯ ಮುಗಿಸಿಬಿಡೋಣ, ಏಕೆಂದರೆ ಅವರು ಬಹಳ ಜನ.

ಧರ್ಮಪುರಿಯಿಂದ ಸೇಲಂ ಕಡೆಗೆ ಹೋಗುವ ರಸ್ತೆಯಲ್ಲಿ ಅವಳ ಕಾಲೇಜು. ಸಸ್ಯಶಾಸ್ತ್ರ ವಿಭಾಗದ ಹಿಂದುಗಡೆ, ಒಂದು ಹಳೆಯ ಬಾವಿಗೆ ಮುಖ ಮಾಡಿಕೊಂಡು ಉದ್ದನೆಯ ಕೋಣೆಯೊಂದಿದೆ. ಅದರೊಳಗೆ ಕಬ್ಬಿಣದ ಬೀರುಗಳ ಸಾಲು, ಬೀರುಗಳೊಳಗೆ ಒತ್ತಿ ಒಣಗಿಸಿ ದಪ್ಪ ಹಾಳೆಗೆ ಅಂಟಿಸಿದ ಗಿಡಗಳು. ಪ್ರತಿ ಹಾಳೆಯ ಬಲಮೂಲೆಯಲ್ಲಿ ಒಂದು ಲೇಬಲ್: ಗಿಡದ ಹೆಸರು, ಕಿತ್ತ ಜಾಗ, ಕಿತ್ತ ದಿನ, ಕಿತ್ತವರು ಯಾರು. ಇದಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಇದನ್ನು ನೋಡಿಕೊಳ್ಳುವವಳು ಮೇನಕಾ. ಎಂ.ಎಸ್‌ಸಿ. ಓದಿದವಳು ಲೆಕ್ಚರರ್ ಯಾಕಾಗಲಿಲ್ಲ ಎಂದರೆ, ಇಂಟರ್‌ವ್ಯೂನಲ್ಲಿ ಪ್ರಶ್ನೆ ಕೇಳಿದವರಿಗೆ ಅವರ ಪ್ರಶ್ನೆಯೇ ತಪ್ಪು ಎಂದು ಹೇಳಿ ಎದ್ದು ಬಂದಿದ್ದಳು. ಮದುವೆ ಯಾಕಾಗಲಿಲ್ಲ ಎಂದರೆ, ನಂಟರ ಮದುವೆಯಲ್ಲಿ ಇವಳನ್ನು ನೋಡಲು ಬಂದ ಗಂಡು ಛತ್ರದ ಬಾಗಿಲಿಗೆ ಕಟ್ಟಿದ ಪ್ಲಾಸ್ಟಿಕ್ ಹೂವಿನ ಹಾರವನ್ನು ಮುಟ್ಟಿ ನೋಡಿ, "ಇದೇ ವಾಸಿ ಕಣ್ರೀ, ಬಾಡೋದೇ ಇಲ್ಲ" ಎಂದಿದ್ದ. ಅಂಥವನ ಜೊತೆ ಸಂಸಾರ ಮಾಡುವುದಕ್ಕಿಂತ ಒಣಗಿದ ಗಿಡಗಳ ಜೊತೆ ಇರುವುದೇ ಮೇಲು ಎಂದು ಅವಳಿಗೆ ಅನ್ನಿಸಿತ್ತು. ಇವತ್ತಿಗೂ ಹಾಗೇ ಅನ್ನಿಸುತ್ತದೆ.

ವಿದ್ಯಾರ್ಥಿಗಳನ್ನು ಕಂಡರಂತೂ ಮೈಯೆಲ್ಲ ಉರಿ. ಪರೀಕ್ಷೆಗೆ ಪ್ರತಿಯೊಬ್ಬರೂ ತಾವೇ ಕಿತ್ತು ಒಣಗಿಸಿದ ಗಿಡಗಳ ಹಾಳೆಗಳನ್ನು ಒಪ್ಪಿಸಬೇಕು. ಅದಕ್ಕೆಂದೇ ವರ್ಷಕ್ಕೊಮ್ಮೆ ಏರ್ಕಾಡಿಗೆ ಬಸ್ಸು ಹೊರಡುತ್ತದೆ. ಮಹಾಶಯರು ಬೆಟ್ಟ ಹತ್ತಿ, ಕೆರೆಯ ಮುಂದೆ ಫೋಟೋ ತೆಗೆದುಕೊಂಡು, ಕಾಳುಮೆಣಸಿನ ಪೊಟ್ಟಣ ಕೊಂಡು, ಹಾಡು ಹೇಳುತ್ತ ಇಳಿದು ಬರುತ್ತಾರೆ. ಆಮೇಲೆ ಹಾಸ್ಟೆಲ್ ಗೇಟಿನ ದಾಸವಾಳವನ್ನು ಕಿತ್ತು ಪುಸ್ತಕದಡಿ ಒತ್ತಿ "ಏರ್ಕಾಡು" ಎಂದು ಬರೆಯುತ್ತಾರೆ. ಒಬ್ಬ ಪುಣ್ಯಾತ್ಮ ಮೆಸ್ಸಿನ ಅಡುಗೆಮನೆಯಿಂದ ಕರಿಬೇವಿನ ಎಸಳು ತಂದು ಅಂಟಿಸಿ, ಜಾಗದ ಮುಂದೆ "ದಟ್ಟ ಕಾಡಿನ ಒಳಗೆ" ಎಂದು ಬರೆದಿದ್ದ. ಆ ಎಸಳಿನಲ್ಲಿ ಒಗ್ಗರಣೆಯ ಸಾಸಿವೆಯ ಕಾಳೂ ಅಂಟಿಕೊಂಡಿತ್ತು. ಇನ್ನು ಕೆಲವರಿಗೆ ಅಷ್ಟು ಶ್ರಮವೂ ಬೇಡ. ಹಿಂದಿನ ವರ್ಷದವರ ಹಾಳೆಯನ್ನೇ ಪಡೆದು, ಲೇಬಲ್ಲಿನ ಮೇಲೆ ತಮ್ಮ ಲೇಬಲ್ ಅಂಟಿಸುತ್ತಾರೆ. ಮುಟ್ಟಿದರೆ ಮುನಿಯ ಒಂದು ಹಾಳೆ ಹೀಗೇ ಎಷ್ಟೋ ತಂಡಗಳ ಕೈ ದಾಟಿ, ಮೂಲೆ ರಟ್ಟಿನಷ್ಟು ದಪ್ಪವಾಗಿತ್ತು. ಇಂಥವನ್ನೆಲ್ಲ ಮೇನಕಾ ಬಾಗಿಲ ಪಕ್ಕದ ಬೀರುವಿಗೆ ತಳ್ಳಿದ್ದಳು. ಅದರ ಮೇಲೆ ಸೀಮೆಸುಣ್ಣದಲ್ಲಿ "ಕಸ" ಎಂದು ಬರೆದಿದ್ದಳು.

ವಿಭಾಗದ ಮುಖ್ಯಸ್ಥರು ಅರುಣಾಚಲಂ. ಆ ಕುರ್ಚಿಯಲ್ಲಿ ಕೂತ ಮೇಲೆ ಅವರು ಮುಟ್ಟಿದ ಎಲೆ ಎಂದರೆ ಊಟದ ಬಾಳೆಲೆ ಒಂದೇ. ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಅವರಿಗೆ ತೋರಿಸಲು ಒಂದು ಸ್ಮಾರ್ಟ್ ಕ್ಲಾಸ್ ಬೇಕಿತ್ತು. ಅದಕ್ಕೆ ಒಂದು ಉದ್ದನೆಯ ಕೋಣೆ ಬೇಕಿತ್ತು. ಹೊಸಿಲಾಚೆಯೇ ನಿಂತು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು, "ಎಲ್ಲಾಂ ಕಾಂಜ ಕುಪ್ಪೆ ದಾನೇ ಮ್ಯಾಡಂ" ಎಂದು ಅವರು ತಮಿಳಿನಲ್ಲಿ ಹೇಳಿದ್ದರು. ಎಲ್ಲ ಒಣಕಸವೇ ತಾನೇ, ಮಹಡಿ ಮೆಟ್ಟಿಲ ಕೆಳಗೆ ಜಾಗವಿದೆ, ಯುಗಾದಿ ರಜೆ ಮುಗಿಯುವಷ್ಟರಲ್ಲಿ ಅಲ್ಲಿಗೆ ಸಾಗಿಸಿಬಿಡಿ ಎಂದು. ಮೆಟ್ಟಿಲ ಕೆಳಗೆ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಬೇಸಗೆಯಲ್ಲಿ ಗೆದ್ದಲು ಏಳುತ್ತದೆ. ಅಲ್ಲಿಟ್ಟರೆ ಬೀರುಗಳೊಳಗಿನ ಹಾಳೆಗಳು ಎರಡು ಮಳೆಗಾಲ ಕಾಣವು. ಮೇನಕಾ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಸರಿ ಸಾರ್" ಎಂದಳು. ಆ "ಸರಿ ಸಾರ್" ಕೇಳಿದ ಅಟೆಂಡರಿಗೇ ಬೆವರು ಬಂತು.

ಈಗ ಆ ಒಬ್ಬರ ವಿಷಯ. ಅವರ ಹೆಸರು ಗೋವಿಂದಪ್ಪ, ಅವಳ ಮೇಷ್ಟರು, ಹರ್ಬೇರಿಯಂ ಕಟ್ಟಿದವರು. ಮೇನಕಾಳ ಮನೆಯವರ ಹಾಗೆಯೇ ಕನ್ನಡ ಮಾತಾಡುವ ಕುಟುಂಬದವರು. ಕ್ಲಾಸಿನಲ್ಲಿ ತಮಿಳು, ಇಂಗ್ಲಿಷು. ಮರದ ಕೆಳಗೆ ನಿಂತಾಗ ಇವಳೊಬ್ಬಳ ಹತ್ತಿರ ಮನೆಮಾತು. "ಲೇಬಲ್ ಇಲ್ದಿರೋ ಗಿಡ ಬರೀ ಉಲ್ಲು ಕಣಮ್ಮಾ. ಸುಳ್ಳು ಲೇಬಲ್ ಇರೋದು ಉಲ್ಗಿಂತ ಕಡೆ. ಉಲ್ಲನ್ನ ದನವಾದ್ರೂ ತಿಂತದೆ" ಎನ್ನುತ್ತಿದ್ದರು. ಇನ್ನೊಂದು ಪಾಠವನ್ನೂ ಅವರೇ ಕಲಿಸಿದ್ದು: ಹಾಳೆಗೆ ಒಮ್ಮೆ ಅಂಟಿಸಿದ್ದನ್ನು ಕೀಳಬಾರದು, ಬರೆದದ್ದನ್ನು ಹೊಡೆದು ಹಾಕಬಾರದು. ತಪ್ಪು ಕಂಡರೆ ಅದರ ಕೆಳಗೆ ಇನ್ನೊಂದು ಚೀಟಿ ಅಂಟಿಸಿ, ಸರಿ ಯಾವುದೆಂದು ಬರೆದು, ನಿನ್ನ ಹೆಸರು ಹಾಕು. ಲೋಕದ ಹರ್ಬೇರಿಯಂಗಳೆಲ್ಲ ನಡೆಯುವುದು ಹೀಗೆಯೇ. ಗೋವಿಂದಪ್ಪನವರ ಹಾಳೆಗಳಿಗೆ ಕಿಟಕಿಯ ಪಕ್ಕದ ಬೀರು ಮೀಸಲು. ಅದರ ಬೀಗದ ಕೈ ಮೇನಕಾಳ ಸೊಂಟದಲ್ಲಿರುತ್ತಿತ್ತು. ಯಾರನ್ನಾದರೂ ಬಯ್ಯಬೇಕಾದಾಗ ಅವಳ ಕೈ ತಾನೇ ತಾನಾಗಿ ಆ ಬೀಗದ ಕೈಯನ್ನು ಸವರುತ್ತಿತ್ತು.

ಆ ಬೀರುವಿನಲ್ಲಿ ಎಲ್ಲಕ್ಕಿಂತ ಚೆಂದದ್ದು ಬೇವಿನ ಕಟ್ಟು. ಕೋಣೆಯ ಮುಂದಿನ ಬಾವಿಕಟ್ಟೆಯ ಬೇವಿನ ಮರ, ಅದೊಂದೇ ಮರ. ಗೋವಿಂದಪ್ಪ ಸರ್ವಿಸಿಗೆ ಸೇರಿದ ವರ್ಷದಿಂದ ನಿವೃತ್ತರಾಗುವ ತನಕ ಒಂದು ವರ್ಷವೂ ತಪ್ಪದೆ ಅದರ ಹೂಗೊಂಚಲು. ಅವರು ಹೋದ ಮೇಲೆ ಮೇನಕಾ ಅದನ್ನು ಮುಂದುವರಿಸಿದ್ದಳು. ಅವಳ ಕಾಲಕ್ಕೆ ಮರ ಏಪ್ರಿಲ್ ಅರ್ಧ ಕಳೆಯುವ ತನಕ ಹೂ ಬಿಡುತ್ತಿರಲಿಲ್ಲ. ಮೇಷ್ಟರ ಕಾಲದಲ್ಲಿ ಮಾರ್ಚ್ ಕೊನೆಗೋ ಏಪ್ರಿಲ್ ಮೊದಲಿಗೋ ಬಿಡುತ್ತಿತ್ತು ಎಂದು ಹಾಳೆಗಳು ಹೇಳುತ್ತಿದ್ದವು. ಮರಕ್ಕೆ ವಯಸ್ಸಾಯಿತು, ಬಾವಿ ಬತ್ತಿತು, ಬುಡಕ್ಕೆ ಸಿಮೆಂಟು ಹಾಕಿದರು ಎಂದೆಲ್ಲ ಅವಳು ತಪ್ಪನ್ನು ಮರದ ಮೇಲೆ ಹೊರಿಸಿದ್ದಳು. ಮೇಷ್ಟರ ಮೇಲೆ ಹೊರಿಸುವ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ.

ಹೀಗಿರುವಾಗ ಕೊಯಮತ್ತೂರಿನ ಒಂದು ಸಂಶೋಧನಾ ಸಂಸ್ಥೆಯಿಂದ ಮೋಹನ್‌ರಾಜ್ ಬಂದ. ಹುಡುಗನಂತಿದ್ದ. ಕ್ಯಾಮೆರಾ, ಅದನ್ನು ನಿಲ್ಲಿಸುವ ಕಾಲು, ಲ್ಯಾಪ್‌ಟಾಪು, ಬೆಟ್ಟ ಹತ್ತುವವರ ಬೂಟು. ಬೀರು ತೆರೆಯಲು ಬೂಟು ಯಾಕೆ ಬೇಕು ಎಂದು ಮೇನಕಾಳಿಗೆ ಅಸಹ್ಯವಾಯಿತು. ಆದರೆ ಹಾಳೆ ಮುಟ್ಟುವ ಮೊದಲು ಅವನು ಹೊರಗೆ ಹೋಗಿ ಕೈ ತೊಳೆದು ಒರೆಸಿಕೊಂಡು ಬಂದ. ಅಷ್ಟು ವರ್ಷಗಳಲ್ಲಿ ಯಾರೂ ಹಾಗೆ ಮಾಡಿದ್ದಿಲ್ಲ. ಅವಳ ತಾತ್ಸಾರ ಒಂದು ಮೆಟ್ಟಿಲು ಇಳಿಯಿತು. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ಅವನು ಬಂದ ಕೆಲಸ ಇದು. ಹಳೆಯ ಹಾಳೆಯಲ್ಲಿ ಹೂವಿದ್ದರೆ, ಆ ದಿನ ಆ ಊರಲ್ಲಿ ಆ ಗಿಡ ಹೂ ಬಿಟ್ಟಿತ್ತು ಎಂದು ಅರ್ಥ. ಅಂಥ ಹಾಳೆಗಳನ್ನು ವರ್ಷದ ಪಕ್ಕ ವರ್ಷ ಜೋಡಿಸಿ, ಈಗ ಯಾವಾಗ ಹೂ ಬಿಡುತ್ತದೆ ಎಂಬುದನ್ನು ಜೊತೆಗಿಟ್ಟರೆ, ಸೆಕೆ ಏರುತ್ತ ಹೋದ ಹಾಗೆ ಹೂವಿನ ಕಾಲ ಎಷ್ಟು ಸರಿದಿದೆ ಎಂದು ಕಾಣುತ್ತದೆ. ಹವಾಮಾನ ಬದಲಾಗುತ್ತಿದೆ ಎನ್ನುವುದಕ್ಕೆ ಗಿಡಗಳೇ ಹೇಳುವ ಸಾಕ್ಷಿ ಅದು. ಅವನು ವಾರಗಟ್ಟಲೆ ಕೂತು ಫೋಟೋ ತೆಗೆದ. ಕಕ್ಕೆ, ಹೊಂಗೆ, ಮುತ್ತುಗ, ಮೂರೂ ಮೊದಲಿಗಿಂತ ಬೇಗ ಹೂ ಬಿಡುತ್ತಿವೆ ಎಂದು ಲೆಕ್ಕ ಬಂತು. ಏಪ್ರಿಲ್ ನಡುವೆ ತಮಿಳರ ಚಿತ್ತಿರೈ ತಿಂಗಳು ಹುಟ್ಟಿದ ಮೇಲೆ ಬರುತ್ತಿದ್ದ ಕಕ್ಕೆ ಈಗ ಹಿಂದಿನ ತಿಂಗಳು ಪಂಗುನಿಯಲ್ಲೇ ಹಳದಿಯಾಗಿ ನಿಂತಿರುವುದನ್ನು ಮೇನಕಾ ಬಸ್ಸಿನ ಕಿಟಕಿಯಿಂದಲೇ ಕಂಡಿದ್ದಳು.

ಒಂದು ಮಧ್ಯಾಹ್ನ ಅವನು ಕುರ್ಚಿಯಿಂದ ಜಿಗಿದೇಬಿಟ್ಟ. "ಅಕ್ಕಾ, ಇಲ್ಲಿ ಬನ್ನಿ! ಎಲ್ಲ ಮರಗಳೂ ಬೇಗ ಬೇಗ ಎನ್ನುತ್ತಿದ್ದರೆ ನಿಮ್ಮ ಬಾವಿ ಮರ ಒಂದೇ ತಡ ತಡ ಎನ್ನುತ್ತಿದೆ. ಒಂದೇ ಮರ, ವರ್ಷ ತಪ್ಪದೆ ಹಾಳೆ! ಇಡೀ ತಮಿಳುನಾಡಿನಲ್ಲಿ ಇಂಥದ್ದು ನಾನು ನೋಡಿಲ್ಲ." ಅವನ ಮಾತೆಲ್ಲ ತಮಿಳಿನಲ್ಲಿ, ಒಂದೇ ಉಸಿರಿನಲ್ಲಿ. ಈ ಮರದ ಮೇಲೆ ಪ್ರಬಂಧ ಬರೆಯುತ್ತೇನೆ, ಈ ಕೋಣೆಯನ್ನು ಯಾರೂ ಮುಟ್ಟಬಾರದೆಂದು ನಮ್ಮ ಸಂಸ್ಥೆಯಿಂದ ನಿಮ್ಮ ಪ್ರಿನ್ಸಿಪಾಲರಿಗೆ ಬರೆಸುತ್ತೇನೆ ಎಂದ. ಮೆಟ್ಟಿಲ ಕೆಳಗಿನ ಗೆದ್ದಲೂ ಅರುಣಾಚಲಂ ಅವರ ಕರವಸ್ತ್ರವೂ ಒಟ್ಟಿಗೇ ಮೇನಕಾಳ ಕಣ್ಣ ಮುಂದಿನಿಂದ ಮರೆಯಾದವು.

ಆಗ ಅವಳು ಪರದೆಯ ಮೇಲಿನ ಚುಕ್ಕಿಗಳನ್ನು ಸರಿಯಾಗಿ ನೋಡಿದಳು. ಒಂದೊಂದು ಚುಕ್ಕಿ ಒಂದೊಂದು ವರ್ಷದ ಬೇವು. ಮೇಷ್ಟರ ಕಾಲದ ಚುಕ್ಕಿಗಳು ಒಂದೆರಡು ವರ್ಷ ಹತ್ತು ಹತ್ತು ದಿನ ಹಿಂದೆ ಸರಿದು, ಥಟ್ಟನೆ ಮುಂದಕ್ಕೆ ಹಾರಿ, ಮತ್ತೆ ಹಿಂದಕ್ಕೆ ಸರಿಯುತ್ತಿದ್ದವು. ಮೋಹನ್‌ರಾಜ್ ಅದನ್ನು ಮಳೆಯ ಏರುಪೇರು ಎಂದುಕೊಂಡಿದ್ದ. ತಮಿಳರ ಹೊಸವರ್ಷ ಏಪ್ರಿಲ್ ನಡುವಿನಿಂದ ಅಲುಗುವುದಿಲ್ಲ. ಅವರ ಮನೆಯಲ್ಲಿ ಹುಟ್ಟಿದವನಿಗೆ ಬೇರೆ ಏನು ಹೊಳೆಯಬೇಕು? ಆದರೆ ಮೇನಕಾಳ ಮನೆಯ ಹಬ್ಬ ಚಂದ್ರನ ಹಿಂದೆ ಹೋಗುವ ಹಬ್ಬ. ವರ್ಷ ವರ್ಷ ಹಿಂದೆ ಸರಿದು, ಅಧಿಕಮಾಸ ಬಂದಾಗ ಮುಂದಕ್ಕೆ ಹಾರುತ್ತದೆ. ಅವಳು ಒಂದು ಚುಕ್ಕಿಯ ಮೇಲೆ ಬೆರಳಿಟ್ಟಳು. ಅದು ಅವಳ ಎಂ.ಎಸ್‌ಸಿ. ಪರೀಕ್ಷೆಯ ವರ್ಷ, ಒಬ್ಬಟ್ಟು ತಿಂದ ಮಾರನೆಯ ದಿನವೇ ಪರೀಕ್ಷೆ ಬರೆದಿದ್ದಳು. ಚುಕ್ಕಿ ಇದ್ದದ್ದು ಒಬ್ಬಟ್ಟಿನ ದಿನದಲ್ಲಿ. ಇನ್ನೊಂದರ ಮೇಲೆ ಇಟ್ಟಳು. ಅಪ್ಪ ತೀರಿಕೊಂಡ ವರ್ಷ, ಮನೆಯಲ್ಲಿ ಹಬ್ಬ ಮಾಡದ ವರ್ಷ. ಆ ದಿನಾಂಕವನ್ನು ಮರೆಯುವುದುಂಟೇ? ಅದೂ ಯುಗಾದಿಯೇ. ಯಾವ ಮರವೂ ಪಂಚಾಂಗ ನೋಡಿ ಹೂ ಬಿಡುವುದಿಲ್ಲ.

ಮೋಹನ್‌ರಾಜ್ ಊಟಕ್ಕೆ ಹೋದಾಗ ಅವಳು ಕಿಟಕಿ ಬೀರುವಿನ ಬೀಗ ತೆಗೆದಳು. ಬೇವಿನ ಕಟ್ಟನ್ನು ಮೇಜಿನ ಮೇಲೆ ಹರಡಿ, ಮಸೂರ ಹಿಡಿದು ಒಂದೊಂದೇ ಹಾಳೆಯ ಮೇಲೆ ಬಾಗಿದಳು. ಮೂರನೆಯದರಲ್ಲೇ ಸಿಕ್ಕಿತು. ಕಡ್ಡಿಯ ಬುಡದಲ್ಲಿ ಬಿಗಿದು ಕಟ್ಟಿದ ಗುರುತು. ಅಂಟುಪಟ್ಟಿಯ ಕೆಳಗೆ ಸಿಕ್ಕಿಕೊಂಡು ಕಂದಿದ ಬಾಳೆನಾರಿನ ಒಂದು ಎಳೆ. ಮುಂದಿನದರಲ್ಲೂ ಗುರುತು. ಇನ್ನೊಂದರಲ್ಲಿ ಬೇವಿನ ನಡುವೆ ಮಾವಿನೆಲೆಯ ಒಂದು ತುದಿ. ಯುಗಾದಿಯ ಮುನ್ನಾದಿನ ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಬೇವನ್ನೂ ಮಾವನ್ನೂ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ ಮಾರುತ್ತಾರೆ. ಮಾಲು ಬರುವುದು ಸೇಲಂ ದಾರಿಯ ತೊಪ್ಪೂರು ಘಾಟಿಯ ಕೆಳಗಿನಿಂದ. ಅಲ್ಲಿ ಸೆಕೆ ಹೆಚ್ಚು, ಹೂ ಬೇಗ. ಕಾಲೇಜಿನ ಮರದ ಹೂವಿಗೆ ಯಾರು ತಾನೇ ಬಾಳೆನಾರು ಕಟ್ಟುತ್ತಾರೆ? ಅವಳು ಮಸೂರವನ್ನು ಮೇಜಿನ ಮೇಲಿಟ್ಟು ತಲೆಯೆತ್ತಿದಳು. ಬಾಗಿಲ ಬಳಿಯ ಬೀರುವಿನ ಮೇಲೆ ತಾನೇ ಬರೆದ "ಕಸ" ಎದುರಿಗೇ ಕಾಣುತ್ತಿತ್ತು.

ಆದರೂ ಕೇಳಿಬಿಡೋಣ ಎಂದು ಭಾನುವಾರ ಹೊರಟಳು. ಗೋವಿಂದಪ್ಪ ಕಡಯಂಪಟ್ಟಿಯಲ್ಲಿ ಮಗಳ ಮನೆಯಲ್ಲಿದ್ದರು. ಬಸ್ಸು ತೊಪ್ಪೂರು ಘಾಟಿ ಇಳಿಯುತ್ತಿದ್ದಂತೆ ಗಾಳಿಯೇ ಬೇರೆಯಾಯಿತು. ಮೇಲೆ ಬೇವಿನ ಮರಗಳು ಇನ್ನೂ ಹಳೆಯ ಎಲೆ ಉದುರಿಸುತ್ತಿದ್ದವು. ಕೆಳಗೆ ಕೆಂಪು ಚಿಗುರು ಬಂದು ಮೊಗ್ಗೂ ಕಟ್ಟಿತ್ತು. ಮೇಷ್ಟರು ಜಗಲಿಯಲ್ಲಿ ಕೂತು, ಕಲ್ಲಿನ ಮೇಲಿಟ್ಟು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಮುಖ ತುಂಬ ನಗು.

"ಯಾರು, ಮೇನಕಾನಾ? ಬಾಮ್ಮಾ ಬಾ. ಇನ್ನೂ ಅದೇ ಬೀರು ಕಾಯ್ತಾ ಕುಂತಿದ್ದೀಯಾ?"

ಅವಳು ಕೂರಲಿಲ್ಲ. "ಸಾರ್, ಬಾವಿ ಮರದ ಬೇವಿನ ಹಾಳೆಗಳು. ಅವು ಬಾವಿ ಮರದ್ದೇನಾ?"

ಮೇಷ್ಟರಿಗೆ ನೆನಪು ಬರಲು ಒಂದು ಗಳಿಗೆ ಹಿಡಿಯಿತು. ನೆನಪಾದ ಮೇಲೆ ಅವರು ನಾಚಲಿಲ್ಲ, ಕುಲುಕುಲು ನಕ್ಕರು. "ಓ, ಅದಾ! ಅದು ಸೋಂಬೇರಿ ಮರ ಕಣಮ್ಮಾ. ಉಗಾದಿಗೆ ಒಂದ್ಸಲಾನೂ ಊ ಬಿಟ್ಟಿದ್ದಿಲ್ಲ. ನಮ್ಮವ್ವ ಕಾಸು ಕೊಟ್ಟು ತಂದ ಬೇವ ಮುಟ್ತಾನೇ ಇರ್ಲಿಲ್ಲ. ಕಹೀನ ಯಾರಾದ್ರೂ ಕೊಂಡ್ಕೊಂಡು ಮನೆಗೆ ತರ್ತಾರೇನ್ಲಾ, ಗೊತ್ತಿರೋ ಮರದ್ದೇ ಆಗ್ಬೇಕು ಅಂತ ಅಟ. ನಾನೇನ್ಮಾಡ್ಲಿ? ಬಸ್‌ಸ್ಟ್ಯಾಂಡಲ್ಲಿ ಕೊಂಡು, ಕಾಲೇಜ್ ಬಾವಿ ಮರದ್ದು ಅಂತ ಕೊಡ್ತಿದ್ದೆ. ಪೂಜೆ ಆದ್ಮೇಲೆ ಮಿಕ್ಕಿದ್ದು ಗಿಡ ಒತ್ತೋ ಪ್ರೆಸ್ಸಿಗೆ ಆಕ್ತಿದ್ದೆ."

ಇದು ಮೇನಕಾಳ ಮನೆಯದೇ ಮಾತು. ಅವಳ ಅಮ್ಮ ಸಿದ್ದಲಕ್ಷ್ಮಮ್ಮನೂ ಕೊಂಡು ತಂದ ಬೇವನ್ನು ಹೊಸಿಲು ದಾಟಲು ಬಿಡುವವಳಲ್ಲ. ಆದರೆ ಅವಳಿಗೆ ಆಗ ಅದು ಮುಖ್ಯವಾಗಿ ಕಾಣಲಿಲ್ಲ.

"ಅವ್ವಂಗೆ ಸುಳ್ಳು ಯೋಳಿದ್ರಿ, ಸರಿ. ಆಳೆಗ್ಯಾಕೆ ಸಾರ್ ಯೋಳಿದ್ರಿ?"

"ಮನೇಲೊಂದು, ಕಾಲೇಜಲ್ಲೊಂದು ಯೋಳಕ್ಕಾಯ್ತದಾ? ಒಂದ್ಸಲ ಬಾಯಿಂದ ಬಂತಲ್ಲ, ಅದ್ನೇ ಬರೆದೆ. ಅದೂ ಅಲ್ದೆ, ಆ ಆಳೇನ ಯಾರಮ್ಮಾ ನೋಡ್ತಾರೆ?"

"ನಾನು ನೋಡ್ತಿದ್ದೆ ಸಾರ್."

ಮೇಷ್ಟರು ಹುಣಸೆಬೀಜವೊಂದನ್ನು ಪಕ್ಕಕ್ಕೆ ತಳ್ಳಿ, "ಕಾಪಿ ಕುಡ್ಕಂಡು ಓಗು" ಎಂದರು. ಕಾಫಿ ಒಳಗಿನಿಂದ ಬರುವ ಮೊದಲೇ ಅವಳು ಬೀದಿಯಲ್ಲಿದ್ದಳು. ಹಲ್ಲಿಲ್ಲದ ಆ ನಗುವನ್ನು ನೋಡುವುದಕ್ಕಿಂತ ಕರಿಬೇವಿನ ಪುಣ್ಯಾತ್ಮನ ಹಾಳೆಗೆ ಕೈ ಮುಗಿಯಬಹುದು ಎಂದು ಅವಳಿಗೆ ಅನ್ನಿಸಿತು. ಅವನಾದರೂ ಪರೀಕ್ಷೆಯ ಭಯಕ್ಕೆ ಸುಳ್ಳು ಬರೆದವನು. ಈ ಮನುಷ್ಯ ಉಪದೇಶ ಮಾಡುವ ಕೈಯಿಂದಲೇ ಬರೆದಿದ್ದ. ಇಷ್ಟು ವರ್ಷ ಲೋಕವನ್ನೆಲ್ಲ ಯಾವ ತಕ್ಕಡಿಯಲ್ಲಿ ತೂಗಿ ಬಯ್ದಿದ್ದಳೋ ಆ ತಕ್ಕಡಿಯ ಕಲ್ಲೇ ಪೊಳ್ಳು. ಮೇಷ್ಟರ ಮೇಲಿನ ಸಿಟ್ಟಿಗಿಂತ ಮರದ ಮೇಲಿನ ಮರುಕ ಹೆಚ್ಚಾಯಿತು. ಆ ವರ್ಷಗಳಲ್ಲಿ ಬಾವಿ ಮರ ನಿಜಕ್ಕೂ ಯಾವಾಗ ಹೂ ಬಿಟ್ಟಿತ್ತು ಎಂಬುದು ಇನ್ನು ಯಾರಿಗೂ, ಎಂದಿಗೂ ಗೊತ್ತಾಗುವುದಿಲ್ಲ.

ಘಾಟಿ ಹತ್ತುವಾಗ ಬಸ್ಸು ಲಾರಿಗಳ ಹಿಂದೆ ಏದುಸಿರು ಬಿಡುತ್ತ ನಿಂತು ನಿಂತು ಹೊರಟಿತು. ಸುಮ್ಮನಿದ್ದುಬಿಟ್ಟರೆ? ಮೋಹನ್‌ರಾಜನಿಗೆ ಯುಗಾದಿ ಗೊತ್ತಿಲ್ಲ, ಬಾಳೆನಾರು ಗೊತ್ತಿಲ್ಲ. ಪ್ರಬಂಧ ಅಚ್ಚಾಗುತ್ತದೆ, ಪತ್ರ ಬರುತ್ತದೆ, ಕೋಣೆ ಉಳಿಯುತ್ತದೆ, ಅರುಣಾಚಲಂ ಬಾಲ ಮಡಚುತ್ತಾರೆ. ಕಳೆದುಕೊಳ್ಳುವುದು ಏನು? ಬೆಚ್ಚಗಾಗುತ್ತಿರುವ ಊರಿನಲ್ಲಿ ಬೇವು ತಡವಾಗಿ ಹೂ ಬಿಡುತ್ತದೆಂದು ಲೋಕ ನಂಬುತ್ತದೆ, ಅಷ್ಟೇ. ಅಷ್ಟೇ ಎಂದುಕೊಂಡಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆ ಕೋಣೆಯಲ್ಲಿ ಕೂತು ನಾಳೆ ಯಾವ ಹುಡುಗನಿಗೆ ಯಾವ ಬಾಯಿಂದ ಬಯ್ಯಲಿ? ಬಯ್ಯದೆ ಬದುಕುವುದಾದರೂ ಹೇಗೆ?

ಸೋಮವಾರ ಹೇಳಿಬಿಟ್ಟಳು. ಅದೂ ಮೆಲ್ಲಗೆ ಅಲ್ಲ, ಅರುಣಾಚಲಂ ಬಾಗಿಲಲ್ಲಿ ನಿಂತಿರುವಾಗಲೇ. "ಈ ಬೇವೆಲ್ಲ ಸುಳ್ಳು, ತಂಬಿ. ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ನಮ್ಮ ಮೇಷ್ಟರು ಸುಳ್ಳುಗಾರ" ಎಂದು ತಮಿಳಿನಲ್ಲಿ, ಎಲ್ಲರಿಗೂ ಕೇಳುವ ಹಾಗೆ. ಬಾಳೆನಾರು ತೋರಿಸಿದಳು, ಯುಗಾದಿಯ ಲೆಕ್ಕ ಬಿಡಿಸಿದಳು. ಮೋಹನ್‌ರಾಜ್ ಪರದೆ ನೋಡಿದ, ನಾರು ನೋಡಿದ, ಲ್ಯಾಪ್‌ಟಾಪು ಮುಚ್ಚಿದ. ಕಕ್ಕೆ, ಹೊಂಗೆ, ಮುತ್ತುಗದ ಹಾಳೆಗಳನ್ನು ಬಳಸುತ್ತೇನೆ, ಆದರೆ ಅವು ಬೇರೆ ಕಡೆಯೂ ಸಿಗುತ್ತವೆ, ಅಷ್ಟಕ್ಕೆ ಪತ್ರ ಬರೆಸಲು ನಮ್ಮವರು ಒಪ್ಪುವುದಿಲ್ಲ ಅಕ್ಕಾ ಎಂದು ತಲೆ ತಗ್ಗಿಸಿ ಹೇಳಿದ. ಅರುಣಾಚಲಂ ಅವರ ಸಂತೋಷ ಮಾತ್ರ ನೋಡುವಂತಿತ್ತು. "ನಾನು ಮೊದಲೇ ಹೇಳಿದೆನಲ್ಲ, ಕುಪ್ಪೆ ಎಂದು" ಎನ್ನುತ್ತ, ಮೊದಲ ಸಲ ಕರವಸ್ತ್ರ ತೆಗೆದು ಕೋಣೆಯೊಳಗೆ ಬಂದು ಗೋಡೆಯಿಂದ ಗೋಡೆಗೆ ಅಳತೆ ನೋಡಿದರು. ಪರದೆ ಎಲ್ಲಿ ಬರಬೇಕು, ಕುರ್ಚಿ ಎಲ್ಲಿ ಬರಬೇಕು ಎಂದು.

ಎರಡು ವಾರ ಕಳೆದು ಹಬ್ಬ ಬಾಗಿಲಿಗೆ ಬಂದರೂ, ಸಾಗಿಸುವ ಮೊದಲು ಚೀಟಿ ಅಂಟಿಸುವ ಕೆಲಸ ಉಳಿದಿತ್ತು. ಮೇಷ್ಟರು ಕಲಿಸಿದ ಪದ್ಧತಿ, ಅದರಲ್ಲೇ ಮೇಷ್ಟರನ್ನು ಹಿಡಿಯಬೇಕು. ಲೇಬಲ್ಲಿನ ಕೆಳಗೆ ಅವಳು ಕಪ್ಪು ಶಾಯಿಯಲ್ಲಿ, ದಪ್ಪ ಅಕ್ಷರದಲ್ಲಿ ಬರೆದಳು: "ಸ್ಥಳ ಸುಳ್ಳು. ಸಂಗ್ರಹಿಸಿದವರನ್ನು ನಂಬಬಾರದು. ಮೇನಕಾ." ಬರೆದಾಗ ಏನೋ ಒಂದು ಸುಖವಾಯಿತು. ಅರ್ಧ ಕಟ್ಟು ಮುಗಿಯುವಾಗ ಗೋಂದು ಮುಗಿಯಿತು. ಉಳಿದದ್ದು ಹಬ್ಬ ಕಳೆದ ಮೇಲೆ ಎಂದು ಎದ್ದಳು. ಮಾರನೆಯ ದಿನ ಯುಗಾದಿ.

ಮನೆಯ ಹಿಂದೆ ಒಂದು ಗಿಡ್ಡ ಬೇವಿತ್ತು, ಎಲ್ಲಕ್ಕಿಂತ ಮೊದಲು ಹೂ ಬಿಡುವಂಥದ್ದು. ಇಷ್ಟು ವರ್ಷವೂ ಹಬ್ಬಕ್ಕೆ ಅದೇ ಆಗುತ್ತಿತ್ತು. ಕಳೆದ ಆಷಾಢದ ಗಾಳಿಗೆ ಅದು ಬುಡಸಮೇತ ಬಿದ್ದುಹೋಗಿತ್ತು. "ಕಾಲೇಜಲ್ಲಿ ಮರ ಐತಲ್ಲ, ಅದ್ರದ್ದೇ ತಗಂಬಾ" ಎಂದು ಸಿದ್ದಲಕ್ಷ್ಮಮ್ಮ ಬೆಳಗ್ಗೆಯೇ ಹೇಳಿ ಕಳಿಸಿದ್ದಳು. ಈ ಸಲ ಹಬ್ಬವೂ ಬೇಗ ಬಂದಿತ್ತು. ಮೇನಕಾ ಬಾವಿಕಟ್ಟೆ ಹತ್ತಿ ಕೊಂಬೆ ಎಳೆದು ನೋಡಿದಳು. ಚಿಗುರು, ಅಲ್ಲಲ್ಲಿ ರಾಗಿಕಾಳಿನಷ್ಟು ಮೊಗ್ಗು. ಒಂದೂ ಅರಳಿರಲಿಲ್ಲ. "ಸೋಂಬೇರಿ ಮುಂಡೇದು" ಎಂದು ಬಯ್ದು ಕೆಳಗಿಳಿದಳು.

ಬಸ್‌ಸ್ಟ್ಯಾಂಡಿನಲ್ಲಿ ಗೋಣಿಚೀಲದ ಮೇಲೆ ಬೇವಿನ ರಾಶಿ ಹಾಕಿಕೊಂಡು ಹೆಂಗಸರು ಕೂಗುತ್ತಿದ್ದರು. ಎಲ್ಲಿಯದು ಎಂದರೆ ಕಡಯಂಪಟ್ಟಿ ಕಡೆಯದು ಎಂದರು. ಬಿಳಿಯ ಹೂ ಜೇನಿನ ವಾಸನೆ ಬೀರುತ್ತಿತ್ತು. ಅಮ್ಮನಿಗೆ ಈಗ ಕಣ್ಣು ಅಷ್ಟಕ್ಕಷ್ಟೆ. ವರ್ಷವೆಲ್ಲ ಏನೂ ಕೇಳದವಳು ಈ ಒಂದು ಬೇವಿಗಾಗಿ ವಾರದಿಂದ ಮಾತಾಡುತ್ತಿದ್ದಳು. ಮೇನಕಾ ಒಂದು ಕಟ್ಟು ಕೊಂಡಳು. ಮನೆಯ ಸಂದಿ ತಿರುಗುವ ಮೊದಲು ನಿಂತು, ಕಟ್ಟಿದ್ದ ಬಾಳೆನಾರನ್ನು ಬಿಚ್ಚಿ ಚರಂಡಿಗೆ ಎಸೆದಳು. ಮಾವಿನೆಲೆಗಳನ್ನು ಬೇರೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಕಡ್ಡಿಯ ಮೇಲೆ ಬಿದ್ದಿದ್ದ ಗುರುತನ್ನು ಉಗುರಿನಿಂದ ಉಜ್ಜಿದಳು. ಏನು ಮಾಡುತ್ತಿದ್ದೇನೆ ಎಂಬುದು ಅವಳಿಗೆ ಒಂದಿಷ್ಟೂ ಹೊಳೆಯಲಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು.

ಸಿದ್ದಲಕ್ಷ್ಮಮ್ಮ ಬೇವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಮೂಸಿದಳು. ಬೆರಳಿನಿಂದ ಹೂವನ್ನೆಲ್ಲ ಸವರಿದಳು.

"ಎಲ್ಲೀದೇ ಇದು? ಕಾಸು ಕೊಟ್ಟು ತಂದಿಲ್ಲ ತಾನೇ?"

"ಇಲ್ಲಮ್ಮಾ. ಕಾಲೇಜ್ ಬಾವಿ ಮರದ್ದು."

ಮಾತು ಬಾಯಲ್ಲೇ ಕಾದು ಕೂತಿದ್ದ ಹಾಗೆ ಬಂದುಬಿಟ್ಟಿತು. ಆಡಿದ ಮೇಲೆ ಅವಳ ಕಿವಿಗೆ ಬಿತ್ತು. ಅಮ್ಮ ಸಂತೋಷದಿಂದ ಒಳಗೆ ಹೋದಳು. ಮೇನಕಾ ಹೊಸಿಲ ಮೇಲೆಯೇ ನಿಂತಿದ್ದಳು, ಚಪ್ಪಲಿ ಬಿಡುವುದನ್ನೂ ಮರೆತು.

ಬೆಳಗ್ಗೆ ಪೂಜೆಯಾದ ಮೇಲೆ ಅಮ್ಮ ಬೇವು-ಬೆಲ್ಲವನ್ನು ತಾನೇ ಅವಳ ಬಾಯಿಗೆ ಇಟ್ಟಳು. "ನೋಡು, ಎಂಗೈತೆ! ಗೊತ್ತಿರೋ ಮರದ್ದು ಅಂದ್ರೆ ಇದು. ಅಂಗಡೀದಾಗಿದ್ರೆ ಇಂಥ ಕಹಿ ಬರ್ತಿತ್ತಾ?" ಎಂದಳು. ಮೇನಕಾ ಅಗಿದಳು, ನುಂಗಿದಳು. ಬೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದಳು. ಹೊಸ ಸೀರೆಯುಟ್ಟು, ಕೈಯಲ್ಲಿ ಬಟ್ಟಲು ಹಿಡಿದು ನಿಂತ ಅಮ್ಮನ ಮುಖ ನೋಡಿ ಬಾಯಿ ಮುಚ್ಚಿದಳು. ಧೈರ್ಯ ಬರಲಿಲ್ಲ. ಊರಿಗೆಲ್ಲ ಹೆದರದೆ ಮಾತಾಡುವ ಮೇನಕಾಳಿಗೆ ಬರಲಿಲ್ಲ.

ಹಬ್ಬದ ಮಾರನೆಯ ದಿನ ಅವಳು ಬೇಗ ಕಾಲೇಜಿಗೆ ಹೋದಳು. ಬೀರು ಹೊರುವವರು ಇನ್ನೂ ಬಂದಿರಲಿಲ್ಲ. ಪೂಜೆಯಲ್ಲಿ ಮಿಕ್ಕ ಬೇವನ್ನು ಹಳೆಯ ಪೇಪರಿನಲ್ಲಿಟ್ಟು ಪ್ರೆಸ್ಸಿಗೆ ಹಾಕಿದಳು. ಜಾಗದ ಮುಂದೆ "ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು" ಎಂದು ಬರೆದಳು. ಬಾವಿ ಮರದ ಒಂದು ರೆಂಬೆ ಮುರಿದು ಅದನ್ನೂ ಒತ್ತಿಟ್ಟು, ಅದಕ್ಕೆ "ಯುಗಾದಿ. ಹೂವಿಲ್ಲ" ಎಂದು ಬರೆದಳು. ಹೂವಿಲ್ಲದ ಗಿಡವನ್ನು ಯಾರೂ ಒತ್ತಿಡುವುದಿಲ್ಲ. ಮೇಷ್ಟರೂ ಒತ್ತಿಟ್ಟಿರಲಿಲ್ಲ.

ಉಳಿದ ಹಾಳೆಗಳಿಗೆ ಚಿಕ್ಕ ಅಕ್ಷರದಲ್ಲಿ, "ಕೊಂಡ ಹೂ; ಘಾಟಿಯ ಕೆಳಗಿನದಿರಬಹುದು" ಎಂದಷ್ಟೇ ಬರೆದು ಅಂಟಿಸಿದಳು. ಹಬ್ಬಕ್ಕೆ ಮೊದಲು ಅಂಟಿಸಿದ ದಪ್ಪ ಅಕ್ಷರದ ಚೀಟಿಗಳು ಹಾಗೇ ಇದ್ದವು. ಸಂಗ್ರಹಿಸಿದವರನ್ನು ನಂಬಬಾರದು ಎಂದು, ಅವಳ ಹೆಸರಿನ ಸಮೇತ. ಅವನ್ನು ಕೀಳುವಂತಿಲ್ಲ, ಹೊಡೆದು ಹಾಕುವಂತಿಲ್ಲ. ಕಿತ್ತರೆ ನೋಡುವವರು ಯಾರೂ ಇರಲಿಲ್ಲ, ಆದರೂ ಕೀಳಲಿಲ್ಲ. ಹೊರಗೆ ಬೀರು ಹೊರುವವರ ಮಾತು ಕೇಳಿಸಿತು, ಅರುಣಾಚಲಂ ಅವರ ದನಿಯೂ. ಅವಳು ಅವಸರ ಮಾಡದೆ ಇನ್ನೊಂದು ಚೀಟಿ ಕತ್ತರಿಸಿ ಬರೆದಳು: "ಮೇಲಿನ ಚೀಟಿ ಬರೆದವಳೂ ಈ ಯುಗಾದಿಗೆ ಬೇವು ಕೊಂಡು ತಂದು, ಬಾವಿ ಮರದ್ದು ಎಂದು ಅಮ್ಮನಿಗೆ ಹೇಳಿದಳು. ಮೇನಕಾ."

ಮೊದಲ ಚೀಟಿಯ ಕೆಳಗೆ ಅದನ್ನು ಅಂಟಿಸಿ, ಗೋಂದು ಒಣಗುವ ತನಕ ಬೆರಳಿನಿಂದ ಒತ್ತಿ ಹಿಡಿದಳು. ಆಮೇಲೆ ಮುಂದಿನ ಹಾಳೆಗೆ ಇನ್ನೊಂದು ಬರೆಯಲು ಕೂತಳು.